ಒಂದೆಕರೆ ತರಕಾರಿ, ಬದುವಿನಲ್ಲಿ ಹಣ್ಣು: ಇಳುವರಿ ಎಲ್ಲಿ ಸೋರುತ್ತದೆ, ಹೇಗೆ ತಡೆಯುವುದು

ಮೂರು ವರ್ಷದ ಹಿಂದೆ ಒಂದು ಸಂಜೆ ನಮ್ಮ ಟೊಮ್ಯಾಟೊ ಸಾಲಿನಲ್ಲಿ ಸುಮ್ನೆ ಎಣಿಸುತ್ತಾ ನಡೆದೆ. 100 ಗುಣಿಗೆ 83 ಗಿಡ ಇದ್ದವು. ಉಳಿದ 17 ಗುಣಿ ಖಾಲಿ. ಆದರೂ ಆ ಗುಣಿಗಳಿಗೆ ಡ್ರಿಪ್ ನೀರು ತೊಟ್ಟಿಕ್ಕುತ್ತಿತ್ತು, ಗೊಬ್ಬರ ಹೋಗುತ್ತಿತ್ತು. ಮಲ್ಚಿಂಗ್ ಶೀಟಿನ ದುಡ್ಡಂತೂ ಮೊದಲೇ ಹೋಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಸಾಲಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇಟ್ಟರೆ ಎಕರೆಗೆ 7,260 ಗಿಡ. ನೂರಕ್ಕೆ 17 ಹೋದರೆ 1,234 ಗಿಡ ಇಲ್ಲ. ಗಿಡಕ್ಕೆ 4 ಕೆಜಿ ಅಂತ ಹಿಡಿದರೂ ಹತ್ತಿರ ಹತ್ತಿರ 5 ಟನ್. ಕೋಲಾರ ಮಾರ್ಕೆಟ್ಟಿನ 15 ಕೆಜಿ ಬಾಕ್ಸಿನಲ್ಲಿ 329 ಬಾಕ್ಸ್. ಅಪ್ಪ ಪಕ್ಕದಲ್ಲೇ ಕೂತಿದ್ದರು. "ಇನ್ನೊಂದು ಮೂಟೆ ಡಿಎಪಿ ಹಾಕಿದ್ರೆ ಬರ್ತಿತ್ತು ಕಣೋ" ಅಂದರು. ಇಲ್ಲದ ಗಿಡಕ್ಕೆ ಡಿಎಪಿ ಗೊಬ್ಬರ ಹಾಕಿ ಏನು ಮಾಡೋದು?

ಅಲ್ಲಿಂದ ನಾನು ಇಳುವರಿ ಹೆಚ್ಚಿಸುವ ಯೋಚನೆ ಬಿಟ್ಟೆ, ಸೋರುವುದನ್ನು ಹುಡುಕುವುದಕ್ಕೆ ಶುರು ಮಾಡಿದೆ. ನಮ್ಮಂಥ ಒಂದೆಕರೆ, ಎರಡೆಕರೆಯವರ ಹೊಲದಲ್ಲಿ ಬೆಳೆ ಬರದೇ ಹೋಗುವುದಕ್ಕಿಂತ ಬಂದದ್ದು ಕೈ ತಪ್ಪುವುದೇ ಜಾಸ್ತಿ. ಸತ್ತ ಸಸಿ, ಕಟ್ಟಿಕೊಂಡ ಡ್ರಿಪ್ಪರ್, ಉದುರಿದ ಹೂವು, ಹುಳ ಕೊರೆದ ಕಾಯಿ, ಕ್ರೇಟಿನಲ್ಲಿ ಜಜ್ಜಿದ ಹಣ್ಣು, ಹೀಗೆ ಒಂದೊಂದು ಕಡೆ ಒಂದಿಷ್ಟು. ಈ ಬರಹ ಬೆಂಗಳೂರಿನ ಸುತ್ತಮುತ್ತ, ಅಂದ್ರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲ, ಮಾಗಡಿ ಕಡೆ ಕೆಂಪು ಮಣ್ಣು, ಬೋರ್‌ವೆಲ್ ನೀರು ನಂಬಿಕೊಂಡು ಬೆಳೆಯುವವರಿಗೆ.

ಹಂತ 1: ಮೊದಲು ನೀರು ಅಳೆಯಿರಿ, ಆಮೇಲೆ ಎಷ್ಟು ಗುಂಟೆ ಅಂತ ತೀರ್ಮಾನಿಸಿ

ಎಲ್ಲರೂ ಜಮೀನು ಎಷ್ಟಿದೆ ಅಂತ ನೋಡಿ ನಾಟಿ ಮಾಡುತ್ತಾರೆ. ನೀರು ಎಷ್ಟಿದೆ ಅಂತ ನೋಡಿ ಮಾಡಬೇಕು.

200 ಲೀಟರಿನ ಡ್ರಮ್ ತಗೊಳ್ಳಿ. ಬೋರ್ ಆನ್ ಮಾಡಿ ಅರ್ಧ ಗಂಟೆ ಓಡಲು ಬಿಡಿ. ಶುರುವಿನಲ್ಲಿ ಬರುವ ರಭಸ ನಂಬಬೇಡಿ. ಆಮೇಲೆ ಡ್ರಮ್ ತುಂಬಲು ಎಷ್ಟು ನಿಮಿಷ ಬೇಕು ನೋಡಿ. 6 ನಿಮಿಷ ಅಂದರೆ ಗಂಟೆಗೆ 2,000 ಲೀಟರ್. ತ್ರೀ ಫೇಸ್ ಕರೆಂಟ್ ದಿನಕ್ಕೆ 6 ಗಂಟೆ ಸಿಕ್ಕರೆ 12,000 ಲೀಟರ್. ಕಾಯಿ ತುಂಬುವ ಹೊತ್ತಿನಲ್ಲಿ, ಬಿಸಿಲಿನ ದಿನ, ಒಂದು ಟೊಮ್ಯಾಟೊ ಗಿಡಕ್ಕೆ ಸುಮಾರು 2 ಲೀಟರ್ ಬೇಕು. ಅಲ್ಲಿಗೆ ನಿಮ್ಮ ಬೋರ್ ಸಾಕುವುದು 6,000 ಗಿಡ. 7,260 ಹಾಕಿದರೆ ಎಲ್ಲ ಗಿಡವೂ ಅರೆಹೊಟ್ಟೆ. 33 ಗುಂಟೆಯಲ್ಲಿ ಚೆನ್ನಾಗಿ ಬೆಳೆದದ್ದು 40 ಗುಂಟೆಯಲ್ಲಿ ಸೊರಗಿದ್ದಕ್ಕಿಂತ ಜಾಸ್ತಿ ತೂಗುತ್ತದೆ. ಉಳಿದ 7 ಗುಂಟೆಗೆ ಅವರೆಯೋ ಹುರುಳಿಯೋ ಚೆಲ್ಲಿ.

ಮಳೆ ನೀರನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದು ಎಕರೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಅದು 40 ಸಾವಿರ ಲೀಟರ್. ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇಳಿಜಾರಿನ ಕಡೆ ಶೀಟ್ ಹಾಸಿದ ಕೃಷಿ ಹೊಂಡ ಇದ್ದರೆ ಹಿಂಗಾರು ಬೆಳೆಯ ಕೊನೆಯ ಒಂದು ತಿಂಗಳು ದಾಟುತ್ತದೆ. ಹೊಂಡದ ಸುತ್ತ ಬೇಲಿ ಹಾಕದೆ ಬಿಡಬೇಡಿ, ಮಕ್ಕಳು ಓಡಾಡುವ ಜಾಗ.

ಹಂತ 2: ಮಣ್ಣು

ಮಣ್ಣು ಪರೀಕ್ಷೆ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಮಣ್ಣು ತೆಗೆಯುವುದು ಹೇಗೆ ಅಂತ ಹೇಳುವವರು ಕಡಿಮೆ. ಬದುವಿನ ಪಕ್ಕ ಒಂದು ಹಿಡಿ ತುಂಬಿಕೊಂಡು ಹೋದರೆ ಬರುವ ಕಾರ್ಡು ಬದುವಿನದು, ಹೊಲದ್ದಲ್ಲ.

ಹೊಲದಲ್ಲಿ ಹಾವಿನ ನಡಿಗೆಯ ಹಾಗೆ ಅಂಕುಡೊಂಕಾಗಿ ನಡೆದು 8–10 ಕಡೆ ಗುರುತು ಹಾಕಿ. ತಿಪ್ಪೆ ಇದ್ದ ಜಾಗ, ಮರದ ನೆರಳು, ಬದು, ನೀರು ನಿಲ್ಲುವ ಮೂಲೆ ಬಿಡಿ. ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ಇಂಗ್ಲಿಷ್ 'ವಿ' ಅಕ್ಷರದ ಹಾಗೆ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆರೆದುಕೊಳ್ಳಿ. ಎಲ್ಲ ಸೇರಿಸಿ ಕಲಸಿ, ನಾಲ್ಕು ಭಾಗ ಮಾಡಿ, ಎದುರೆದುರಿನ ಎರಡು ಭಾಗ ಎಸೆಯಿರಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ, ನೆರಳಿನಲ್ಲಿ ಒಣಗಿಸಿ. ಹಣ್ಣಿನ ಗಿಡ ಹಾಕುವ ಜಾಗವಾದರೆ ಒಂದಡಿ, ಎರಡಡಿ, ಮೂರಡಿ ಆಳದ ಮಣ್ಣು ಬೇರೆ ಬೇರೆ ತೆಗೆಯಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ), ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಕಾರ್ಡು ಬಂದಾಗ ಮೊದಲು ನೋಡಬೇಕಾದ್ದು ರಸಸಾರ, ಅಂದ್ರೆ ಪಿಎಚ್. ತರಕಾರಿಗೆ 6ರಿಂದ 7 ಒಳ್ಳೆಯದು. ನಮ್ಮ ಕೆಂಪು ಮಣ್ಣು ಹುಳಿಯಾಗಿರುವುದೇ ಜಾಸ್ತಿ. ಹುಳಿ ಮಣ್ಣಿನಲ್ಲಿ ನೀವು ಹಾಕಿದ ರಂಜಕ ಗಿಡಕ್ಕೆ ಸಿಗದೆ ಮಣ್ಣಿಗೇ ಅಂಟಿಕೊಳ್ಳುತ್ತದೆ. ಕಾರ್ಡಿನಲ್ಲಿ ಹೇಳಿದಷ್ಟು ಕೃಷಿ ಸುಣ್ಣವನ್ನು ನಾಟಿಗೆ ಎರಡು ಮೂರು ವಾರ ಮುಂಚೆ ಹಾಕಿ. ಸುಣ್ಣ, ಯೂರಿಯಾ ಒಟ್ಟಿಗೆ ಹಾಕಬೇಡಿ. ಸಾರಜನಕ ಗಾಳಿಗೆ ಹೋಗುತ್ತದೆ, ಮೂಗಿಗೇ ವಾಸನೆ ಬಡಿಯುತ್ತದೆ.

ಹಂತ 3: ತಿಪ್ಪೆ ಗೊಬ್ಬರ ಹಣ್ಣಾಗಿರಬೇಕು

ತರಕಾರಿಗೆ ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಅನ್ನುತ್ತಾರೆ. ಈಗ ಅಷ್ಟು ದನ ಯಾರ ಮನೆಯಲ್ಲಿದೆ? ಇರುವುದನ್ನು ಹೊಲಕ್ಕೆಲ್ಲ ಎರಚದೆ ನಾಟಿ ಮಾಡುವ ಏರುಮಡಿಗೆ ಮಾತ್ರ ಕೊಡಿ. ಆದರೆ ಅರೆಕೊಳೆತ ಗೊಬ್ಬರ ಮಾತ್ರ ಬೇಡ. ಅದರ ಜೊತೆ ಗೊಣ್ಣೆಹುಳು, ಗೆದ್ದಲು, ಪಾರ್ಥೇನಿಯಂ ಬೀಜ ಎಲ್ಲ ಬರುತ್ತದೆ. ಕೋಳಿ ಗೊಬ್ಬರ ಇನ್ನೂ ಕಾವು, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಬಂದರೆ ಇನ್ನೂ ಟೈಮ್ ಆಗಿಲ್ಲ.

ಗೊಬ್ಬರಕ್ಕೆ ಜೀವ ತುಂಬುವ ಕೆಲಸ ಒಂದಿದೆ, ಇದು ದುಡ್ಡಿಗೆ ಮೋಸ ಮಾಡಲ್ಲ. ಹಣ್ಣಾದ ಗೊಬ್ಬರ ಒಂದು ಟನ್ನಿಗೆ ಟ್ರೈಕೊಡರ್ಮಾ 2 ಕೆಜಿ, ಸ್ಯೂಡೊಮೊನಾಸ್ 2 ಕೆಜಿ ಕಲಸಿ, ಎರಡೂ ರೋಗ ತಡೆಯುವ ಒಳ್ಳೆ ಸೂಕ್ಷ್ಮಜೀವಿಗಳು. ನೆರಳಿನಲ್ಲಿ ರಾಶಿ ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗುವಷ್ಟು, ಆದರೆ ನೀರು ಹಿಂಡದಷ್ಟು ತೇವ ಮಾಡಿ. ಗೋಣಿಚೀಲ ಮುಚ್ಚಿ 15 ದಿನ ಬಿಡಿ, ನಡುವೆ ಎರಡು ಸಲ ತಿರುವಿ. ಜೊತೆಗೆ ಎಕರೆಗೆ 100 ಕೆಜಿ ಬೇವಿನ ಹಿಂಡಿ. ಬುಡ ಕೊಳೆಯುವುದು, ಬೇರಿನಲ್ಲಿ ಗಂಟು ಬರುವುದು ಕಡಿಮೆಯಾಗುತ್ತದೆ.

ಗೊಬ್ಬರ ಸಾಲದಿದ್ದರೆ ಸೆಣಬು ಬಿತ್ತಿ, 45 ದಿನಕ್ಕೆ ಹೂವು ಬರುವಾಗ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಹೂವು ನೋಡಲು ಚೆಂದ ಅಂತ ಬಿಟ್ಟರೆ ಕಾಂಡ ನಾರಾಗಿ ಕೊಳೆಯುವುದೇ ಇಲ್ಲ.

ಹಂತ 4: ಯಾವ ಬೆಳೆ, ಯಾವಾಗ

ಟೊಮ್ಯಾಟೊ, ಬದನೆ, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ, ಇವೆಲ್ಲ ಒಂದೇ ಮನೆತನ. ಒಂದರ ರೋಗ ಇನ್ನೊಂದಕ್ಕೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಇವನ್ನೇ ಹಾಕಿದರೆ ಒಂದು ದಿನ ಮಧ್ಯಾಹ್ನ ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ತಲೆ ಬಾಗಿಸುತ್ತದೆ. ಎಲೆ ಹಳದಿ ಕೂಡ ಆಗಿರುವುದಿಲ್ಲ. ನೀರು ಸಾಲದು ಅಂತ ಇನ್ನೂ ನೀರು ಬಿಡುತ್ತೇವೆ. ಅದು ದುಂಡಾಣು ಸೊರಗು ರೋಗ. ಪರೀಕ್ಷೆ ಸುಲಭ: ಬುಡದ ಹತ್ತಿರ ಎರಡು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನ ಎಳೆಯ ಹಾಗೆ ಬಿಳಿ ದ್ರವ ಇಳಿದರೆ ಅದೇ. ಅದಕ್ಕೆ ಅಂಗಡಿಯಲ್ಲಿ ಮಾರುವ ಯಾವ ಔಷಧಿಯೂ ಗಿಡ ಉಳಿಸಲ್ಲ. ಬೇರು ಸಮೇತ ಕಿತ್ತು ಹೊಲದ ಹೊರಗೆ ಸುಡಿ, ಮುಂದಿನ ಬೆಳೆಗೆ ಅಲ್ಲಿ ರಾಗಿ ಇಲ್ಲವೇ ಮುಸುಕಿನ ಜೋಳ. ಕಾಡು ಬದನೆ ಬೇರಿಗೆ ಕಸಿ ಕಟ್ಟಿದ ಸಸಿ ಸಿಕ್ಕರೆ ಅದೂ ಒಂದು ದಾರಿ.

ತಳಿ ಆರಿಸುವಾಗ ಕಾಯಿಯ ಫೋಟೋಗಿಂತ ರೋಗ ತಡೆಯುವ ಶಕ್ತಿ ನೋಡಿ. ಹೆಸರಘಟ್ಟದವರ ಅರ್ಕಾ ರಕ್ಷಕ್ ಟೊಮ್ಯಾಟೊ ಎಲೆ ಮುಟುರು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆದುಕೊಳ್ಳುತ್ತದೆ. ಬೆಂಡೆಗೆ ಅರ್ಕಾ ಅನಾಮಿಕಾ ಹಳದಿ ನಂಜು ರೋಗ ತಡೆಯಲೆಂದೇ ಬಂದದ್ದು. ಹುರುಳಿಕಾಯಿಗೆ ಅರ್ಕಾ ಕೋಮಲ್, ಕೊತ್ತಂಬರಿಗೆ ಅರ್ಕಾ ಇಶಾ. ಆದರೆ ಮಾರ್ಕೆಟ್ಟಿನಲ್ಲಿ ಯಾವ ಆಕಾರದ ಕಾಯಿ ಕೇಳುತ್ತಾರೆ ಅಂತ ನಿಮ್ಮ ಮಂಡಿಯವರನ್ನು ಕೇಳಿಯೇ ಬೀಜ ತನ್ನಿ.

ಕಾಲದ ವಿಷಯ. ಫೆಬ್ರವರಿ, ಮಾರ್ಚ್‌ನಲ್ಲಿ ನೆಟ್ಟ ಟೊಮ್ಯಾಟೊಗೆ ಬಿಳಿ ನೊಣ ಜಾಸ್ತಿ, ಬಿಸಿಲು ಏರಿದರೆ ಹೂವೂ ಉದುರುತ್ತದೆ. ಹಸ್ತ, ಚಿತ್ತೆ ಮಳೆಗೆ (ಸೆಪ್ಟೆಂಬರ್ ಕೊನೆ, ಅಕ್ಟೋಬರ್) ಕಾಯಿ ಬರುವ ಹಾಗೆ ನೆಟ್ಟರೆ ಅಂಗಮಾರಿ. ಸೊಗಡು ಅವರೆ ಚಳಿಗೇ ಕಾಯಬೇಕು, ಹಗಲು ಗಿಡ್ಡವಾಗದೆ ಹೂ ಬಿಡಲ್ಲ. ನನಗೆ ಇಷ್ಟವಾದ ಲೆಕ್ಕ ಬೂದುಗುಂಬಳದ್ದು. ಆಯುಧಪೂಜೆಗೆ ಬೆಂಗಳೂರಿನ ಪ್ರತಿ ಅಂಗಡಿ, ಪ್ರತಿ ಲಾರಿ, ಪ್ರತಿ ಆಟೋ ಮುಂದೆ ಒಂದು ಕುಂಬಳಕಾಯಿ ಒಡೆಯಲೇಬೇಕು. ಬಿತ್ತಿ ಮೂರೂವರೆ, ನಾಲ್ಕು ತಿಂಗಳಿಗೆ ಕಾಯಿ ಬಲಿಯುತ್ತದೆ. ಜೂನ್ ಮೊದಲ ವಾರ ಬಿತ್ತಿದರೆ ದಸರಾಗೆ ಸರಿ. ಒಂದು ವಾರ ತಡವಾದರೆ ಅದೇ ಕಾಯಿಗೆ ಕೇಳುವವರಿಲ್ಲ.

ಹಂತ 5: ಸಸಿ, ನನ್ನ 17 ಗುಣಿ ಖಾಲಿಯಾದದ್ದು ಇಲ್ಲೇ

ಆ ವರ್ಷ ಒಂದು ನರ್ಸರಿಯಲ್ಲಿ ಸಸಿಗೆ ಹತ್ತು ಪೈಸೆ ಕಡಿಮೆ ಅಂತ ತಂದಿದ್ದೆ. ನೋಡಲು ಎತ್ತರ, ಹಸಿರು. ಟ್ರೇಯಿಂದ ಎಳೆದು ನೋಡಿರಲಿಲ್ಲ. ನೆಟ್ಟು ಹತ್ತು ದಿನಕ್ಕೆ ಸಾಯುತ್ತಿದ್ದ ಒಂದು ಗಿಡ ಕಿತ್ತು ನೋಡಿದರೆ ಬೇರು ಟ್ರೇಯ ಗುಳಿಯ ಆಕಾರದಲ್ಲೇ ಸುತ್ತಿಕೊಂಡು ಕೂತಿತ್ತು, ಕಂದು ಬಣ್ಣ. ಒಂದು ಬೇರೂ ಮಣ್ಣಿಗೆ ಇಳಿದಿರಲಿಲ್ಲ. ವಯಸ್ಸಾದ ಸಸಿ ಅದು.

ಈಗ ಸಸಿ ತರಲು ಹೋದರೆ ಮೂರು ಕೆಲಸ ಮಾಡುತ್ತೇನೆ. ಟ್ರೇಯ ನಡುವಿನಿಂದ, ಅಂಚಿನಿಂದ ಎರಡೆರಡು ಸಸಿ ಎಳೆದು ಬೇರು ನೋಡುತ್ತೇನೆ. ಬಿಳಿ ಬೇರು ಕೊಕೊಪೀಟನ್ನು ಹಿಡಿದು ಉಂಡೆಯಾಗಿ ಬರಬೇಕು. ಬಿತ್ತಿದ ತಾರೀಖು ಕೇಳುತ್ತೇನೆ. ಟೊಮ್ಯಾಟೊ, ಕೋಸು 25 ದಿನ. ಮೆಣಸಿನಕಾಯಿ 35ರಿಂದ 40. ಎಲೆಯ ಅಡಿ ತಿರುಗಿಸಿ ಬಿಳಿ ನೊಣ ಇದೆಯಾ ಅಂತ ನೋಡುತ್ತೇನೆ. ಎಲೆ ಮುಟುರು ರೋಗ ನಮ್ಮ ಹೊಲಕ್ಕೆ ಬರುವುದು ಎಷ್ಟೋ ಸಲ ಸಸಿಯ ಜೊತೆಗೇ.

ಮನೆಯಲ್ಲೇ ಬೆಳೆಸುವುದಾದರೆ 98 ಗುಳಿಯ ಪ್ರೋಟ್ರೇ, ಕೊಕೊಪೀಟ್, ಸುತ್ತ ಸಣ್ಣ ಕಣ್ಣಿನ ಕೀಟ ತಡೆಯುವ ಬಲೆ. ನಾಟಿಗೆ ನಾಲ್ಕೈದು ದಿನ ಮುಂಚೆ ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿ. ನಾಟಿ ಸಂಜೆ ನಾಲ್ಕರ ಮೇಲೆ. ಕೂಲಿಯವರು ಬೆಳಗ್ಗೆಯೇ ಮುಗಿಸಿ ಹೊರಡುವ ಆತುರದಲ್ಲಿರುತ್ತಾರೆ. ಒಂದು ಗಂಟೆಯ ಕೂಲಿ ಜಾಸ್ತಿ ಕೊಟ್ಟಾದರೂ ಸಂಜೆಗೆ ಒಪ್ಪಿಸಿ. ನೂರಕ್ಕೆ ಹತ್ತು ಸಸಿ ಮಿಗಿಸಿ ಇಟ್ಟುಕೊಳ್ಳಿ, ಒಂದು ವಾರದೊಳಗೆ ಖಾಲಿ ಗುಣಿ ತುಂಬಿ. ಇಪ್ಪತ್ತು ದಿನ ಆದಮೇಲೆ ನೆಟ್ಟ ಸಸಿ ಪಕ್ಕದ ಗಿಡದ ನೆರಳಿನಲ್ಲೇ ಉಳಿದುಬಿಡುತ್ತದೆ.

ಹಂತ 6: ಮಡಿ, ಮಲ್ಚಿಂಗ್, ಡ್ರಿಪ್

ಮಡಿ ಅರ್ಧ ಅಡಿಗಿಂತ ತುಸು ಎತ್ತರ, ಎರಡೂವರೆಯಿಂದ ಮೂರಡಿ ಅಗಲ ಇರಲಿ. ಮಳೆಗಾಲದಲ್ಲಿ ಬೇರು ನೀರಲ್ಲಿ ನಿಲ್ಲಬಾರದು. ಮಲ್ಚಿಂಗ್ ಶೀಟು ಬೆಳ್ಳಿ-ಕಪ್ಪು ಬಣ್ಣದ್ದು, ಬೆಳ್ಳಿ ಬಣ್ಣ ಮೇಲೆ. ಕೆಳಗಿಂದ ಬೆಳಕು ಹೊಡೆದರೆ ನುಸಿ, ಬಿಳಿ ನೊಣ ಬಂದು ಕೂರುವುದು ಕಡಿಮೆ. ಬೆಳೆ ಮುಗಿದ ಮೇಲೆ ಶೀಟು ಎತ್ತಿ ಹೊರಗೆ ಹಾಕಿ, ಉಳುವಾಗ ಮಣ್ಣಿಗೆ ಸೇರಿಸಬೇಡಿ.

ಡ್ರಿಪ್ ಇದೆ ಅಂದ ಮಾತ್ರಕ್ಕೆ ಎಲ್ಲ ಗಿಡಕ್ಕೂ ನೀರು ಸಿಗುತ್ತಿದೆ ಅಂತಲ್ಲ. ಇದನ್ನು ನಂಬುವ ಮೊದಲು ಲೋಟದ ಪರೀಕ್ಷೆ ಮಾಡಿ. ಹಬ್ಬದ ದಿನ ಉಳಿದ ಪೇಪರ್ ಲೋಟ ಸಾಕು. ಒಂದು ಲ್ಯಾಟರಲ್ಲಿನ, ಅಂದ್ರೆ ಸಾಲಿನುದ್ದ ಹೋಗುವ ಡ್ರಿಪ್ ಪೈಪಿನ ಮೊದಲು, ನಡುವೆ, ಕೊನೆ, ಮೂರೂ ಕಡೆ ಡ್ರಿಪ್ಪರ್ ಕೆಳಗೆ ಲೋಟ ಇಡಿ. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಆದರೆ 6 ನಿಮಿಷಕ್ಕೆ 200 ಮಿ.ಲೀ. ಬೀಳಬೇಕು. ನಮ್ಮಲ್ಲಿ ಮೊದಲ ಲೋಟ 210, ಕೊನೆಯದು 90. ಕೊನೆಯ ಗಿಡಗಳು ಕುಳ್ಳಗಿದ್ದದ್ದು ಮಣ್ಣು ಕೆಟ್ಟದು ಅಂತ ನಾವು ನಾಲ್ಕು ವರ್ಷ ಅಂದುಕೊಂಡಿದ್ದೆವು!

ಸರಿ ಮಾಡಿದ್ದು ಹೀಗೆ. ಫಿಲ್ಟರ್ ಬಿಚ್ಚಿ ತೊಳೆದೆವು, ಪ್ರತಿ ಲೈನಿನ ಕೊನೆಯ ಮುಚ್ಚಳ ತೆಗೆದು ಕೆಂಪು ನೀರು ಹೋಗಿ ತಿಳಿ ನೀರು ಬರುವವರೆಗೆ ಬಿಟ್ಟೆವು. ಬೋರ್ ನೀರಿನ ಸುಣ್ಣ ಡ್ರಿಪ್ಪರ್ ಬಾಯಲ್ಲಿ ಬೆಳ್ಳಗೆ ಕಟ್ಟಿದ್ದರೆ ಆಸಿಡ್ ಹಾಯಿಸಬೇಕಾಗುತ್ತದೆ. ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಲ್ಯಾಟರಲ್ ತೀರಾ ಉದ್ದ ಇದ್ದರೆ ನಡುವೆ ಸಬ್‌ಮೈನ್ (ಲ್ಯಾಟರಲ್‌ಗಳಿಗೆ ನೀರು ಕೊಡುವ ದೊಡ್ಡ ಪೈಪು) ಕೊಟ್ಟು ಎರಡು ಭಾಗ ಮಾಡಿ.

ದಿನ ಬಿಟ್ಟು ದಿನ ಗಂಟೆಗಟ್ಟಲೆ ಬಿಡುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಬಿಡುವುದು ವಾಸಿ. ನಾಲ್ಕು ದಿನ ಒಣಗಿಸಿ ಐದನೇ ದಿನ ನೆನೆಸಿದರೆ ಟೊಮ್ಯಾಟೊ ಬಿರಿಯುತ್ತದೆ, ಕಾಯಿಯ ತಳ ಕಪ್ಪಗೆ ಕೊಳೆಯುತ್ತದೆ. ಆ ಕಪ್ಪು ರೋಗವಲ್ಲ. ನೀರು ಏರುಪೇರಾಗಿ ಸುಣ್ಣದ ಅಂಶ ಕಾಯಿಗೆ ತಲುಪದೆ ಆಗುವುದು.

ಹಂತ 7: ಗೊಬ್ಬರ ಕಂತಿನಲ್ಲಿ

ಎಷ್ಟು ಅನ್ನುವುದನ್ನು ಮಣ್ಣಿನ ಕಾರ್ಡು ಹೇಳುತ್ತದೆ. ಯಾವಾಗ ಅನ್ನುವುದು ನಿಮ್ಮ ಕೈಯಲ್ಲಿದೆ. ರಂಜಕದ ಹೆಚ್ಚಿನ ಪಾಲು ಮಡಿ ಮಾಡುವಾಗಲೇ. ಡ್ರಿಪ್‌ನಲ್ಲಿ ಕೊಡುವವರು ಬೆಳವಣಿಗೆಗೆ 19:19:19, ಹೂವಿನ ಮುಂಚೆ 12:61:0, ಕಾಯಿ ತುಂಬುವಾಗ 13:0:45 ಅಂತ ಹೋಗುತ್ತಾರೆ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು). ಕ್ಯಾಲ್ಸಿಯಂ ನೈಟ್ರೇಟನ್ನು ಮಾತ್ರ ಬೇರೆ ದಿನ ಕೊಡಿ. 12:61:0 ಜೊತೆ ಒಂದೇ ಬಕೆಟ್ಟಿಗೆ ಹಾಕಿದರೆ ಹಾಲು ಒಡೆದ ಹಾಗಾಗಿ ಆ ಗಸಿ ಪೂರ್ತಿ ಡ್ರಿಪ್ಪರಿಗೆ ಹೋಗುತ್ತದೆ. ಒಂದು ಗಂಟೆ ನೀರು ಬಿಡುವುದಾದರೆ ಮೊದಲ ಕಾಲು ಗಂಟೆ ಬರೀ ನೀರು, ನಡುವಿನ ಅರ್ಧ ಗಂಟೆ ಗೊಬ್ಬರ, ಕೊನೆಯ ಕಾಲು ಗಂಟೆ ಮತ್ತೆ ಬರೀ ನೀರು.

ಯೂರಿಯಾ ಜಾಸ್ತಿಯಾದರೆ ಗಿಡ ಕಪ್ಪು ಹಸಿರಾಗಿ ಸೊಂಪಾಗಿ ಕಾಣುತ್ತದೆ. ದಾರಿಯಲ್ಲಿ ಹೋಗುವವರು ಹೊಗಳುತ್ತಾರೆ. ಹೂವು ಕಡಿಮೆ, ಹುಳ ಜಾಸ್ತಿ.

ಜಿಂಕ್, ಬೋರಾನ್ ಥರದ ಲಘು ಪೋಷಕಾಂಶಕ್ಕೆ ಹೆಸರಘಟ್ಟದ ವೆಜಿಟೆಬಲ್ ಸ್ಪೆಷಲ್ ಪುಡಿ ಇದೆ. ಟೊಮ್ಯಾಟೊಗೆ 15 ಲೀಟರ್ ಕ್ಯಾನಿಗೆ 75 ಗ್ರಾಂ ಪುಡಿ, ಎರಡು ನಿಂಬೆಹಣ್ಣಿನ ರಸ, ಒಂದು ರೂಪಾಯಿಯ ಶಾಂಪೂ ಸ್ಯಾಚೆಟ್. ನಿಂಬೆ ನೀರಿನ ಪಿಎಚ್ ಇಳಿಸುತ್ತದೆ, ಶಾಂಪೂ ಎಲೆಗೆ ಅಂಟಿಸುತ್ತದೆ. ಮೊದಲ ಸಲ ಕೇಳಿದಾಗ ಅಮ್ಮ "ಗಿಡಕ್ಕೆ ತಲೆ ಸ್ನಾನನಾ?" ಅಂತ ನಕ್ಕಿದ್ದರು. ಬೀನ್ಸ್‌ಗೆ ಇಷ್ಟು ಬೇಡ, ಪ್ಯಾಕೆಟ್ಟಿನಲ್ಲಿ ಬೆಳೆಬೆಳೆಗೆ ಅಳತೆ ಬರೆದಿರುತ್ತಾರೆ.

ಹಂತ 8: ಹುಳ, ರೋಗ

ವಾರಕ್ಕೆ ಎರಡು ಬೆಳಗ್ಗೆ ಹೊಲದಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ. 25 ಗಿಡದ ಎಲೆ ತಿರುಗಿಸಿ ನೋಡಿ. ಔಷಧಿ ಅಂಗಡಿಗೆ ಹೋಗಬೇಕೋ ಬೇಡವೋ ಅಂತ ಅಲ್ಲಿ ಗೊತ್ತಾಗಬೇಕು, ಅಂಗಡಿಯಲ್ಲಲ್ಲ.

ಟೊಮ್ಯಾಟೊ ಕಾಯಿ ಕೊರಕಕ್ಕೆ ಚೆಂಡು ಹೂವು ಬಲೆ. 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂವು. ಗುಟ್ಟು ಇರುವುದು ವಯಸ್ಸಿನಲ್ಲಿ: ಟೊಮ್ಯಾಟೊ ಸಸಿ 25 ದಿನದ್ದು, ಚೆಂಡು ಹೂವಿನ ಸಸಿ 40 ದಿನದ್ದು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಚಿಟ್ಟೆ ಹಳದಿ ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ಎರಡನ್ನೂ ಒಂದೇ ವಯಸ್ಸಿಗೆ ನೆಟ್ಟರೆ ಹಬ್ಬಕ್ಕೆ ಹೂವು ಸಿಗಬಹುದು, ಹುಳ ಮಾತ್ರ ತಪ್ಪಲ್ಲ. ಕೋಸಿಗೆ ಹೀಗೇ ಸಾಸಿವೆ: 25 ಸಾಲು ಕೋಸಿಗೆ ಎರಡು ಸಾಲು, ಒಂದನ್ನು ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು. ಜೊತೆಗೆ ಹಳದಿ ಅಂಟು ಹಾಳೆ, ಟೊಮ್ಯಾಟೊ ಎಲೆ, ಕಾಯಿ ಕೊರೆಯುವ ಟೂಟಾ ಹುಳಕ್ಕೆ ಮೋಹಕ ಬಲೆ, ಹೀರೆ-ಹಾಗಲಕ್ಕೆ ಹಣ್ಣು ನೊಣದ ಬಲೆ. ಬೇವಿನ ಸಾಬೂನು ಲೀಟರಿಗೆ 10 ಗ್ರಾಂ, ಎಲೆಯ ಅಡಿಗೂ ತಾಗುವ ಹಾಗೆ.

ರಾಸಾಯನಿಕ ಹೊಡೆಯಲೇಬೇಕಾದರೆ ಡಬ್ಬದ ಮೇಲಿನ ಬಣ್ಣ ನೋಡಿ. ಕೆಂಪು ತೀರಾ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಬರೆದಿರುತ್ತದೆ, ಅದನ್ನು ಪಾಲಿಸಿ. ನಮ್ಮ ಮನೆ ಮಕ್ಕಳೂ ತಿನ್ನುವುದು ಅದೇ ತರಕಾರಿ. ಹೂವಿನ ಕಾಲದಲ್ಲಿ ಸಂಜೆಯೇ ಹೊಡೆಯಿರಿ, ಜೇನು ಗೂಡಿಗೆ ಮರಳಿದ ಮೇಲೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಮೊದಲು ಅವರಿಗೆ ಹೇಳಿ, ಗಾಳಿ ಯಾವ ಕಡೆ ಅಂತ ನೋಡಿ. ಒಂದು ಎರಚಲು ಬಿದ್ದ ಸೊಪ್ಪು ತಿಂದರೆ ಅವರ ರೇಷ್ಮೆ ಹುಳದ ಒಂದು ಬೆಳೆಯೇ ಹೋಗುತ್ತದೆ. ಆಮೇಲೆ ಬದುವಿನಲ್ಲಿ ಮುಖ ನೋಡುವುದು ಕಷ್ಟ.

ಸೌತೆ, ಕುಂಬಳ, ಸೋರೆಯಲ್ಲಿ ಪಿಂದೆ ಹಳದಿಯಾಗಿ ಉದುರುತ್ತಿದ್ದರೆ ಅದು ಎಷ್ಟೋ ಸಲ ರೋಗವಲ್ಲ, ಪರಾಗ ಸಿಕ್ಕಿಲ್ಲ ಅಷ್ಟೇ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಬೆಳಗ್ಗೆ ಎಂಟರೊಳಗೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿಗೆ ಮೆಲ್ಲಗೆ ಉಜ್ಜಿ. ಸೋರೆ, ಹೀರೆ ಸಂಜೆ ಅರಳುವ ಹೂವು, ಅವಕ್ಕೆ ಸಂಜೆ. ಎರಡು ತುಡುವೆ ಜೇನಿನ ಪೆಟ್ಟಿಗೆ ಇಟ್ಟರೆ ಈ ಕೆಲಸ ಎಷ್ಟೋ ತಪ್ಪುತ್ತದೆ.

ಹಂತ 9: ಹಣ್ಣಿನ ಗಿಡ

ಏಲಕ್ಕಿ ಬಾಳೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಇದರಲ್ಲಿ ಕಣ್ಣಿಗೆ ಕಾಣುವ ಒಂದು ಕೈಚಳಕ ಇದೆ. ಗೊನೆಯ ಚಿಪ್ಪುಗಳೆಲ್ಲ ಬಿಟ್ಟ ಮೇಲೆ ತುದಿಯ ಮೋತೆ ಮುರಿಯುತ್ತೇವಲ್ಲ, ಆಗ ದಂಟಿನ ತುದಿ ಸ್ವಲ್ಪ ಉದ್ದ ಬಿಡಿ. ಅರ್ಧ ಕೆಜಿ ಹಸಿ ಸಗಣಿಗೆ, 100 ಮಿ.ಲೀ. ನೀರಿನಲ್ಲಿ ಕರಗಿಸಿದ ಏಳೂವರೆ ಗ್ರಾಂ ಯೂರಿಯಾ, ಏಳೂವರೆ ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಕಲಸಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಕತ್ತರಿಸಿದ ತುದಿ ಅದರಲ್ಲಿ ಮುಳುಗುವಂತೆ ಕಟ್ಟಿ. ದಂಟು ಅದನ್ನು ಹೀರಿಕೊಂಡು ಕಾಯಿಗೆ ಕೊಡುತ್ತದೆ. ಇದೂ ಹೆಸರಘಟ್ಟದ್ದೇ. ಮೋತೆಯನ್ನು ಎಸೆಯಬೇಡಿ, ಪಲ್ಯಕ್ಕೆ ಬರುತ್ತದೆ. ಬುಡದಲ್ಲಿ ಒಂದೇ ಒಂದು ಮರಿ ಬಿಟ್ಟು ಉಳಿದವನ್ನು ತೆಗೆಯುತ್ತಿರಿ.

ಸೀಬೆ ಕಾಯಿ ಬಿಡುವುದು ಹೊಸ ಚಿಗುರಿನಲ್ಲಿ. ಕತ್ತರಿ ಹಾಕಲು ಹೆದರುವವರ ಗಿಡ ಮೇಲೆ ಮೇಲೆ ಹೋಗುತ್ತದೆ, ಕಾಯಿ ಕೈಗೆ ಸಿಗಲ್ಲ. ಕೊಯ್ಲು ಮುಗಿದ ಮೇಲೆ ಕೊಂಬೆಯ ತುದಿ ಅರ್ಧಕ್ಕೆ ಕತ್ತರಿಸಿ. ಮಾವಿಗೆ ಕೊಯ್ಲಾದ ಕೂಡಲೇ, ಜುಲೈ-ಆಗಸ್ಟ್‌ನಲ್ಲಿ, ನಡುವಿನ ಕೊಂಬೆ ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡಿ. ತಡ ಮಾಡಿದರೆ ಆ ವರ್ಷದ ಹೂವು ಹೋದ ಹಾಗೆ. ಎರಡಕ್ಕೂ ಹಣ್ಣು ನೊಣ ಶತ್ರು. ಗಂಡು ನೊಣವನ್ನು ಸೆಳೆಯುವ ಮಿಥೈಲ್ ಯೂಜಿನಾಲ್ ಬಲೆ ಕಟ್ಟಿ, ಬಿದ್ದ ಹಣ್ಣನ್ನು ಮರದ ಕೆಳಗೆ ಬಿಡದೆ ಎರಡಡಿ ಆಳಕ್ಕೆ ಹೂಳಿ. ಎಳೆಯ ಮಾವಿನ ತೋಟದ ಸಾಲಿನ ನಡುವೆ ಮೊದಲ ಐದು ವರ್ಷ ಅಲಸಂದೆ, ಹುರುಳಿ ಬೆಳೆಯಬಹುದು.

ಬದುವಿನಲ್ಲಿ ನೀಲಗಿರಿ ಇದ್ದರೆ ಅದರ ಪಕ್ಕದ ಎರಡು ಮೂರು ಸಾಲಿನಿಂದ ಏನೂ ನಿರೀಕ್ಷಿಸಬೇಡಿ. ನಮ್ಮದನ್ನು ಕಡಿಸಿ ಎರಡು ಹಲಸು, ಒಂದು ಚಕ್ಕೋತ ಹಾಕಿದ್ದೇವೆ.

ಹಂತ 10: ಕೊಯ್ಲು

ಬೆಳಗ್ಗೆ ತಂಪಿನಲ್ಲಿ ಕೊಯ್ಯಿರಿ, ನೆರಳಿಗೆ ತನ್ನಿ. ದೂರ ಹೋಗುವ ಟೊಮ್ಯಾಟೊ ತುದಿಯಲ್ಲಿ ಬಣ್ಣ ತಿರುಗುವಾಗಲೇ, ಸಂತೆಗೆ ಹೋಗುವುದು ಅರ್ಧ ಕೆಂಪಾದಾಗ. ಬೆಂಡೆ ಒಂದು ದಿನ ಬಿಟ್ಟು ಒಂದು ದಿನ. ಭಾನುವಾರ ಅಂತ ಬಿಟ್ಟರೆ ಸೋಮವಾರ ಬಲಿತು ನಾರು, ಗಿಡವೂ ಹೊಸ ಹೂವು ಬಿಡುವುದು ನಿಧಾನ. ಮಾವನ್ನು ತೊಟ್ಟಿನ ಸಮೇತ ಇಳಿಸಿ, ತೊಟ್ಟು ಮುರಿದು ಸೊನೆ ಸೋರಲು ತಲೆಕೆಳಗಾಗಿ ಇಡಿ. ಸೊನೆ ತಾಗಿದ ಸಿಪ್ಪೆ ಕಪ್ಪಾಗುತ್ತದೆ, ಬಾದಾಮಿ ಹಣ್ಣಿಗೆ ಅಲ್ಲೇ ಅರ್ಧ ಬೆಲೆ.

ಒಡೆದದ್ದು, ಹುಳ ಹಿಡಿದದ್ದು ಒಳ್ಳೆಯದರ ಜೊತೆ ಹಾಕಬೇಡಿ. ಒಂದು ಕೆಟ್ಟ ಕಾಯಿ ಕಂಡರೆ ಇಡೀ ಬಾಕ್ಸಿನ ಹರಾಜು ಇಳಿಯುತ್ತದೆ. ವಿಂಗಡಿಸಿದ ಒಳ್ಳೆ ಮಾಲಿಗೆ ಮಂಡಿ ಒಂದೇ ದಾರಿಯಲ್ಲ, ಹಾಪ್‌ಕಾಮ್ಸ್ ಇದೆ, ಹತ್ತಿರದ ಸಂತೆ ಇದೆ, ಅಪಾರ್ಟ್‌ಮೆಂಟಿನವರು ಸೇರಿ ತರಿಸಿಕೊಳ್ಳುವುದೂ ಉಂಟು.

ಹಂತ 11: ಗಿಡ ಕೀಳುವ ದಿನ

ರೇಟು ಬಿದ್ದ ಮೇಲೆ ಹೊಲದ ಕಡೆ ಹೋಗಲು ಮನಸ್ಸಾಗುವುದಿಲ್ಲ. ಗಿಡ ಹಾಗೇ ಒಣಗಲು ಬಿಡುತ್ತೇವೆ. ಬಿಳಿ ನೊಣ, ಟೂಟಾ, ಅಂಗಮಾರಿ ಎಲ್ಲ ಅಲ್ಲೇ ಸಂಸಾರ ಮಾಡಿಕೊಂಡು ಪಕ್ಕದ ಹೊಸ ನಾಟಿಗೆ ಕಾಯುತ್ತವೆ. ಕೊನೆಯ ಕೊಯ್ಲಾದ ವಾರದೊಳಗೆ ಕಿತ್ತುಬಿಡಿ. ಕೀಳುವಾಗ ಹತ್ತು ಗಿಡದ ಬೇರು ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳು ಇದೆ ಅಂತ. ಯಾವ ಸಾಲು ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ, ಮುಂದಿನ ಬೆಳೆ ಅಲ್ಲಿ ಚೆಂಡು ಹೂವು ಇಲ್ಲವೇ ಸೆಣಬು.

ನಮ್ಮ ಪುಸ್ತಕ ಅಂದರೆ ಮಗಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆ. ಎಡಗಡೆ ಸಾಲಿನ ನಂಬರು, ಬಲಗಡೆ ಖಾಲಿ ಗುಣಿ ಎಷ್ಟು ಅಂತ. ಹೋದ ಸಲ ನಾಟಿಯಾಗಿ ಒಂದು ತಿಂಗಳಿಗೆ ಅಪ್ಪನೇ ಎಣಿಸಿಕೊಂಡು ಬಂದರು. ನೂರಕ್ಕೆ ನಾಲ್ಕು. ಡಿಎಪಿ ಮಾತು ತೆಗೆಯಲಿಲ್ಲ.